ಗುರ್ತ ಹೇಳಿ ಮಾರಾಯ್ರೆ

ಉಡುಪಿ ಬಳಿಯ ಸಂತೆಕಟ್ಟೆಯ ವಾರದ ಸಂತೆಯಲ್ಲಿ ಗುಳ್ಳ ಬದನೆಯ ರಾಶಿಯ ಮುಂದೆ ನಿಂತ ಊರಿನವರನ್ನು ಸ್ವಲ್ಪ ಹೊತ್ತು ಗಮನಿಸಬೇಕು. ದರ ಕೇಳುವುದು ಆಮೇಲೆ. ಮೊದಲು ಒಂದು ಕಾಯಿ ಕೈಗೆ ಬರುತ್ತದೆ, ತೊಟ್ಟಿನ ಕಡೆ ತಿರುಗುತ್ತದೆ. ತೊಟ್ಟಿನಲ್ಲಿ ಸಣ್ಣ ಮುಳ್ಳಿದೆಯೇ, ತಿಳಿಹಸಿರು ಮೈಯಲ್ಲಿ ಬಿಳಿ ಗೆರೆಗಳು ಓಡಿವೆಯೇ, ಸಿಪ್ಪೆ ತೆಳುವೇ ದಪ್ಪವೇ ಎಂದು ಕಣ್ಣೂ ಹೆಬ್ಬೆರಳೂ ಒಟ್ಟಿಗೆ ಪರೀಕ್ಷೆ ಮಾಡುತ್ತವೆ. ಆಮೇಲೆ ಪ್ರಶ್ನೆ: “ಇದು ಮಟ್ಟುವಿನದ್ದೇ ಹೌದಾ?” ಮಾರುವಾಕೆ ಹೌದೆಂದರೂ ಕೊಳ್ಳುವವರ ಕೈ ಇನ್ನೊಂದು ಕಾಯಿಯ ತೊಟ್ಟನ್ನು ತಿರುಗಿಸುತ್ತಲೇ ಇರುತ್ತದೆ.

ಒಂದು ವಸ್ತುವನ್ನಾಗಲಿ ಊರನ್ನಾಗಲಿ ಮನುಷ್ಯನನ್ನಾಗಲಿ ವರ್ಣಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಈ ಗುಳ್ಳದ ರಾಶಿಯ ಹತ್ತಿರ ಕರೆದೊಯ್ಯುತ್ತೇನೆ. ಇಲ್ಲಿ ‘ಚಂದದ ಬದನೆ’ ಎಂಬ ಮಾತಿಗೆ ಏನೂ ಬೆಲೆಯಿಲ್ಲ. ಪಕ್ಕದ ಬುಟ್ಟಿಯಲ್ಲಿರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬುದಷ್ಟೇ ಲೆಕ್ಕ. ಕರಾವಳಿಯ ಮಾತಿನಲ್ಲಿ ಅದೇ ಗುರ್ತ. ಹತ್ತರಲ್ಲಿ ಒಂದನ್ನು ಎತ್ತಿ ತೋರಿಸಲು ಬರುವ ಲಕ್ಷಣ. ಅದನ್ನು ಕೇಳಿಸಿಕೊಂಡವರು ಹಿಂದೆಂದೂ ನೋಡದಿದ್ದ ವಸ್ತುವನ್ನೂ ಹುಡುಕಿ ತೆಗೆಯಬಲ್ಲರು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಬಗ್ಗೆ ಬರೆದ ಪ್ರವಾಸಿ ಕೈಪಿಡಿಗಳು ರಾಶಿರಾಶಿ ಇವೆ. ಅವುಗಳಲ್ಲಿ ಇಂಥ ಗುರುತು ತೀರ ಕಡಿಮೆ. ಸಂತೆಯಲ್ಲಿ, ದೋಣಿಯಲ್ಲಿ, ಗದ್ದೆಯಲ್ಲಿ, ಯಕ್ಷಗಾನ ಆಟದ ಚೌಕಿಯಲ್ಲಿ ಬದುಕು ಕಟ್ಟಿಕೊಂಡವರ ಬಾಯಲ್ಲಿ ಮಾತ್ರ ಅದು ಧಾರಾಳವಾಗಿ ಸಿಗುತ್ತದೆ.

ಮಟ್ಟು ಕಾಪು ತಾಲ್ಲೂಕಿನ ಹಳ್ಳಿ. ಕಟಪಾಡಿಯಿಂದ ಪಶ್ಚಿಮಕ್ಕೆ, ಹೊಳೆಗೂ ಕಡಲಿಗೂ ನಡುವೆ ಹಾಸಿರುವ ನೆಲ. ಸೋದೆ ಮಠದ ವಾದಿರಾಜರು ಇಲ್ಲಿಯವರಿಗೆ ಗುಳ್ಳದ ಬೀಜ ಕೊಟ್ಟರೆಂಬುದು ಊರಿನ ನಂಬಿಕೆ. ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವಕ್ಕೆ ಮಟ್ಟುವಿನ ಗುಳ್ಳ ಹೊರೆಕಾಣಿಕೆಯಾಗಿ ಹೋಗುತ್ತದೆ. 2011ರಲ್ಲಿ ಇದಕ್ಕೆ ‘ಉಡುಪಿ ಮಟ್ಟುಗುಳ್ಳ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಈ ನೋಂದಣಿಯ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2003ರಲ್ಲಿ, ಕಚೇರಿ ಇರುವುದು ಚೆನ್ನೈಯಲ್ಲಿ. ಅಲ್ಲಿಗೆ ಅರ್ಜಿ ಹಾಕುವವರು ತಮ್ಮ ಪದಾರ್ಥ ಹೇಗಿದೆ, ಅದನ್ನು ಹೇಗೆ ಬೆಳೆಯುತ್ತಾರೆ, ಎಂದಿನಿಂದ ಆ ಊರಿನಲ್ಲಿದೆ, ಬೇರೆ ಊರಿನದಕ್ಕಿಂತ ಯಾವುದರಲ್ಲಿ ಬೇರೆ, ನೆಲ ನೀರಿಗೂ ಅದಕ್ಕೂ ಏನು ಸಂಬಂಧ ಎಂದು ಬರೆದು, ನಕ್ಷೆಯ ಸಮೇತ ಕೊಡಬೇಕು. ಅಜ್ಜಿಯರು ಹೆಬ್ಬೆರಳಿನಲ್ಲಿ ಇಟ್ಟುಕೊಂಡಿದ್ದ ತಿಳಿವಳಿಕೆ ಹೀಗೆ ಸರ್ಕಾರಿ ಕಾಗದಕ್ಕೆ ಇಳಿಯಿತು. ಅದರ ಹಿಂದಿನ ವರ್ಷವಷ್ಟೇ ಬಿಟಿ ಬದನೆಯ ಚರ್ಚೆ ದೇಶವನ್ನೆಲ್ಲ ಆವರಿಸಿತ್ತು. 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿತು. ಆ ಚರ್ಚೆಯಲ್ಲಿ ಮಟ್ಟುವಿನ ಹೆಸರು ಮತ್ತೆ ಮತ್ತೆ ಬಂದದ್ದಕ್ಕೆ ಕಾರಣ, ಈ ಕಾಯಿಗೆ ಸ್ಪಷ್ಟವಾದ ಗುರುತೊಂದು ಇದ್ದದ್ದು. ಗುರುತಿಲ್ಲದ ಬದನೆಯ ಪರವಾಗಿ ಯಾರು ನಿಲ್ಲುತ್ತಾರೆ? ಬೇರೆ ಕಡೆಯ ಕಾಯಿ ಇದೇ ಹೆಸರಿನಲ್ಲಿ ಮಾರುಕಟ್ಟೆಗೆ ಬರತೊಡಗಿದಾಗ ಬೆಳೆಗಾರರು ಕಾಯಿಗಳಿಗೆ ಸ್ಟಿಕ್ಕರ್ ಅಂಟಿಸಲು ಶುರುಮಾಡಿದರು. ಹಾಗಿದ್ದರೂ ಸಂತೆಯಲ್ಲಿ ಸ್ಟಿಕ್ಕರ್ ನೋಡಿದ ಮೇಲೂ ತೊಟ್ಟು ತಿರುಗಿಸಿ ನೋಡುವವರಿದ್ದಾರೆ. ನನಗೆ ಅವರ ಮೇಲೆ ತುಂಬ ಗೌರವ.

ಮಲ್ಲಿಗೆಯ ಕತೆ ಇನ್ನೂ ಸೊಗಸು. 2008ರಲ್ಲಿ ಕರ್ನಾಟಕದ ಮೂರು ಮಲ್ಲಿಗೆಗಳಿಗೆ ಬೇರೆ ಬೇರೆಯಾಗಿ ಭೌಗೋಳಿಕ ಸೂಚಿಕೆ ಸಿಕ್ಕಿತು: ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ. ದೂರದಿಂದ ನೋಡಿದವರಿಗೆ ಮೂರೂ ಬಿಳಿ, ಮೂರಕ್ಕೂ ಪರಿಮಳ. ನಮ್ಮ ಉಡುಪಿ ಮಲ್ಲಿಗೆಯ, ಅಂದರೆ ಶಂಕರಪುರದ ಮಲ್ಲಿಗೆಯ ಗುರುತು ಹೂವಿನಲ್ಲಿ ಅರ್ಧ ಇದ್ದರೆ ಉಳಿದರ್ಧ ಕಟ್ಟುವುದರಲ್ಲಿ ಮತ್ತು ಎಣಿಸುವುದರಲ್ಲಿದೆ. ಮೊಗ್ಗನ್ನು ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟುತ್ತಾರೆ. 800 ಹೂವಾದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3200 ಹೂವು. ಅಟ್ಟೆಗೆ ಇವತ್ತು ಎಷ್ಟು ಎಂಬುದು ದಿನದಿನವೂ ಶಂಕರಪುರದಲ್ಲಿ ನಿಗದಿಯಾಗುತ್ತದೆ. ನಾಗರಪಂಚಮಿಗೆ, ಮದುವೆಯ ಮುಹೂರ್ತಗಳಿಗೆ, ಭೂತಕೋಲದ ಕಾಲಕ್ಕೆ ಏರುತ್ತದೆ, ಜಡಿಮಳೆಗೆ ಹೂವು ಕಡಿಮೆಯಾದರೆ ಇನ್ನಷ್ಟು ಏರುತ್ತದೆ. ಮೊಳದಲ್ಲಿ ಅಳೆಯುವ ಊರಿನಿಂದ ಬಂದ ಸೊಸೆ ಮೊದಲ ವಾರ ತಬ್ಬಿಬ್ಬಾಗುತ್ತಾಳೆ. ಆಮೇಲೆ ಅವಳೂ ಚೆಂಡಿನ ಲೆಕ್ಕದಲ್ಲೇ ಮಾತಾಡುತ್ತಾಳೆ. ಅಂಗಳದಲ್ಲಿ ನಾಲ್ಕು ಗಿಡ ನೆಟ್ಟು, ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು ಕಟ್ಟಿ, ಮಕ್ಕಳ ಶಾಲೆಯ ಫೀಸು ಕಟ್ಟಿದ ಹೆಂಗಸರು ಈ ಸೀಮೆಯ ಎಲ್ಲ ಜಾತಿಯಲ್ಲೂ ಎಲ್ಲ ಧರ್ಮದಲ್ಲೂ ಸಿಗುತ್ತಾರೆ. ಉಡುಪಿ ಮಲ್ಲಿಗೆಯನ್ನು ವರ್ಣಿಸುವವರು ಪರಿಮಳದ ಬಗ್ಗೆ ಒಂದು ಪುಟ ಬರೆದು ಈ ಚೆಂಡು, ಅಟ್ಟೆ, ಬಾಳೆನಾರನ್ನು ಬಿಟ್ಟರೆ ಅದು ಯಾವ ಊರಿನ ಮಲ್ಲಿಗೆಗೂ ಸಲ್ಲುವ ಪುಟ.

ಮೀನಿನ ಬುಟ್ಟಿಯ ಮುಂದೆಯೂ ಇದೇ ಶಿಸ್ತು. ಬೆನ್ನಿನ ಮೇಲೆ ಅಲೆಅಲೆಯಾಗಿ ಕಪ್ಪು ಗೆರೆ ಇದ್ದರೆ ಬಂಗುಡೆ. ಬೆಳ್ಳಿಯ ಮೈ, ದೊಡ್ಡ ಹುರುಪೆ, ತಿನ್ನುವಾಗ ಮುಳ್ಳೇ ಮುಳ್ಳು ಅಂದರೆ ಬೂತಾಯಿ. ಎರಡು ಕಣ್ಣೂ ಒಂದೇ ಮಗ್ಗುಲಿಗೆ ಬಂದು ಮೈ ಚಪ್ಪಟೆಯಾಗಿದ್ದರೆ ನಂಗು. ಮರಳಿನ ಬಣ್ಣದ ಉದ್ದನೆಯ ಸಪೂರ ಮೀನು ಕಾಣೆ. ಇದು ಜಾತಿಯ ಗುರುತಾಯಿತು. ತಾಜಾತನದ ಗುರುತು ಬೇರೆ: ಕಿವಿರು ಎತ್ತಿದರೆ ಕೆಂಪು ಕಾಣಬೇಕು, ಕಣ್ಣು ಒಳಗಿಳಿದಿರಬಾರದು, ಹೊಟ್ಟೆ ಒತ್ತಿದರೆ ಬೆರಳಿನ ಗುಳಿ ಹಾಗೆಯೇ ನಿಲ್ಲಬಾರದು. “ಅಕ್ಕಾ, ಐಸಿನದ್ದಾ?” ಎಂದು ಕೇಳಿದರೆ ಮೊಗವೀರ ಹೆಂಗಸು ಮಾತಾಡದೆ ಕಿವಿರು ಎತ್ತಿ ತೋರಿಸುತ್ತಾಳೆ. ತರಕಾರಿಯ ಸಾಲಿನಲ್ಲಂತೂ ಲೋಕ ಎರಡೇ ಪಾಲು: ಊರಿನದ್ದು, ಘಟ್ಟದ್ದು. ಊರಿನ ಹಾಲುಬೆಂಡೆ ನಸು ಬಿಳಿಚಿ, ಉದ್ದ, ಬಲಿತರೂ ಎಳೆಯದರ ಹಾಗೆ ಮುರಿಯುತ್ತದೆ. ಊರಿನ ಸೌತೆಯನ್ನು ಅಟ್ಟದ ಜಂತಿಗೆ ಕಟ್ಟಿ ನೇತುಹಾಕಿದರೆ ಮಳೆಗಾಲ ದಾಟುತ್ತದೆ.

ಸಂತೆಯಿಂದ ಪಡುವಕ್ಕೆ ಸ್ವಲ್ಪ ನಡೆದರೆ ಕಲ್ಯಾಣಪುರ. ಗುರುತು ಸಾಲದ ವರ್ಣನೆಗೆ ಏನಾಗುತ್ತದೆ ಎಂಬುದಕ್ಕೆ ಈ ಊರಿಗಿಂತ ಒಳ್ಳೆಯ ಸಾಕ್ಷಿ ಬೇಡ. 6ನೇ ಶತಮಾನದಲ್ಲಿ ಕಾಸ್ಮಸ್ ಇಂಡಿಕೋಪ್ಲಿಯಸ್ಟಿಸ್ ಎಂಬ ಗ್ರೀಕ್ ವರ್ತಕ ಭಾರತದ ಪಶ್ಚಿಮ ಕರಾವಳಿಯ ಬಗ್ಗೆ ಬರೆದ. ಅವನ ಬರಹದಲ್ಲಿ ‘ಕಲ್ಲಿಯಾನ’ ಎಂಬ ಊರಿದೆ. ಅಲ್ಲಿ ಕ್ರೈಸ್ತ ಬಿಷಪ್ ಇದ್ದಾರೆ, ಅವರ ನೇಮಕ ಪರ್ಷಿಯಾದಿಂದ ಎಂದು ಹೇಳಿದ್ದಾನೆ. ಆ ಊರು ನಮ್ಮ ಕಲ್ಯಾಣಪುರ ಎಂದು ಕೆಲವು ವಿದ್ವಾಂಸರು, ಮುಂಬಯಿ ಹತ್ತಿರದ ಕಲ್ಯಾಣ ಎಂದು ಉಳಿದವರು ವಾದ ಮಾಡುತ್ತ ಬಂದಿದ್ದಾರೆ. ಆತ ಒಂದು ಹೊಳೆಯನ್ನೋ ಅದರ ನಡುವಿನ ಕುದ್ರುವನ್ನೋ, ಮೂಡಣದಲ್ಲಿ ಕಾಣುವ ಘಟ್ಟದ ಸಾಲನ್ನೋ ಹೇಳಿದ್ದರೆ ಸಾಕಿತ್ತು. 1678ರ ಮಿಲಾಗ್ರಿಸ್ ಚರ್ಚಿನ ಅಂಗಳದಲ್ಲಿ ನಿಂತಾಗ ನನಗೆ ಇದು ನೆನಪಾಗುತ್ತದೆ. ಉಡುಪಿ ಧರ್ಮಪ್ರಾಂತ 2012ರಲ್ಲಿ ಹುಟ್ಟಿದಾಗ ಈ ಚರ್ಚ್ ಅದರ ಕೆಥೆಡ್ರಲ್ ಆಯಿತು. ಬಿಷಪ್ಪರ ಪೀಠ ಈಗ ಇಲ್ಲಿರುವುದು ಖಚಿತ. ಹದಿನಾಲ್ಕು ಶತಮಾನದ ಹಿಂದಿನದು ಮಾತ್ರ ಒಂದೇ ಒಂದು ಗುರುತಿನ ಕೊರತೆಯಿಂದ ತೂಗಾಡುತ್ತಲೇ ಇದೆ.

ಸ್ವರ್ಣಾ ಹೊಳೆಯ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಬಾರ್ಕೂರು. 14ನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರದಿಂದ ತೆಂಕಕ್ಕೆ ಬರುವಾಗ ಬಸ್ರೂರು ಕಳೆದು ಈ ಊರಿಗೆ ಬಂದ. ಹೆಸರನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಂಡು ‘ಫಾಕನೂರ್’ ಎಂದು ಬರೆದ. ಹೆಸರು ಕೆಟ್ಟಿದ್ದರೂ ಊರು ಕೆಡಲಿಲ್ಲ, ಏಕೆಂದರೆ ಆತ ಗುರುತು ಕೊಟ್ಟಿದ್ದ: ಅಳಿವೆಯ ಮೇಲಿನ ದೊಡ್ಡ ಪಟ್ಟಣ, ಸುತ್ತ ಬೇಕಾದಷ್ಟು ಕಬ್ಬು, ಅರಸನ ಕೈಯಲ್ಲಿ ಯುದ್ಧದ ಹಡಗುಗಳು. ಬಸ್ರೂರಿಗೂ ಮಂಗಳೂರಿಗೂ ನಡುವೆ ಈ ಮೂರೂ ಕೂಡುವ ಜಾಗ ಒಂದೇ. ಕಬ್ಬಿನ ಮಾತಂತೂ ಎಷ್ಟು ನಿಜವೆಂದರೆ, ಅಲ್ಲೇ ಪಕ್ಕದ ಬ್ರಹ್ಮಾವರದಲ್ಲಿ ಆರು ಶತಮಾನದ ಮೇಲೆ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು. ಕಾರ್ಖಾನೆ ಈಗ ಮುಚ್ಚಿದೆ. ಆತನ ಸಾಲು ಉಳಿದಿದೆ.

ಮೂರನೆಯವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ವೈದ್ಯನನ್ನು ಮೈಸೂರು, ಕೆನರಾ, ಮಲಬಾರಿನ ಬೇಸಾಯ, ಕಸುಬು, ವ್ಯಾಪಾರ ನೋಡಿ ಬರೆಯಲು ಕಳಿಸಿದ. 1801ರಲ್ಲಿ ಆತ ಈ ಕರಾವಳಿಯಲ್ಲಿ ಓಡಾಡಿದ, ಪುಸ್ತಕ 1807ರಲ್ಲಿ ಮೂರು ಸಂಪುಟವಾಗಿ ಬಂತು. ಅಧಿಕಾರದ ಕಣ್ಣು ಅದು, ಕಂದಾಯದ ಕಣ್ಣು. ಇಲ್ಲಿನವರ ನಂಬಿಕೆಗಳ ಬಗ್ಗೆ ಅವನ ಮಾತು ಎಷ್ಟೋ ಕಡೆ ಒರಟು. ಆದರೆ ಗದ್ದೆಯ ಮಾತು ಬಂದಾಗ ಆತ ರೈತರನ್ನು ಕೇಳಿ ಬರೆದುಕೊಂಡ. ಆ ರೈತರ ವಿಂಗಡಣೆ ಇಂದಿಗೂ ಬದುಕಿದೆ. ತಗ್ಗಿನಲ್ಲಿದ್ದು ನೀರು ನಿಲ್ಲುವ, ಮೂರು ಬೆಳೆಗೂ ಒದಗುವ ಗದ್ದೆ ಬೈಲು. ಎರಡು ಬೆಳೆಯ ನಡುಮಟ್ಟದ್ದು ಮಜಲು. ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಎತ್ತರದ್ದು ಬೆಟ್ಟು. ಬೈಲೂರು, ಗರಡಿಮಜಲು, ಮೂಡಬೆಟ್ಟು ಎಂದು ಬಸ್ಸಿನ ಬೋರ್ಡಿನಲ್ಲಿ ಓದುವಾಗ ಆ ಜಾಗಕ್ಕೆ ನೀರು ಎಷ್ಟು ದಿನ ನಿಲ್ಲುತ್ತಿತ್ತು ಎಂಬ ಮಾಹಿತಿ ನಮ್ಮ ಮುಂದೆ ಇರುತ್ತದೆ. ಬೈಲಿನಲ್ಲಿ ಮಣ್ಣು ಸುರಿದು ಮನೆ ಕಟ್ಟಿಸಿ, ಜುಲೈಯಲ್ಲಿ ಅಂಗಳಕ್ಕೆ ನೀರು ನುಗ್ಗಿದಾಗ ಬೆರಗಾಗುವವರು ಊರಿನ ಹೆಸರನ್ನೊಮ್ಮೆ ಗಮನವಿಟ್ಟು ಓದಬೇಕಿತ್ತು.

ದಿಕ್ಕಿನ ಗುರುತು ಇನ್ನೊಂದು. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಘಟ್ಟ. ಎರಡೂ ಜಾಗ ಬಿಟ್ಟು ಕದಲುವುದಿಲ್ಲವಾದ್ದರಿಂದ ಈ ಸೀಮೆಯವರಿಗೆ ಎಡಬಲ ಅಷ್ಟಾಗಿ ಬೇಕಾಗಿಲ್ಲ. ಪಡುತೋನ್ಸೆ, ಮೂಡುತೋನ್ಸೆ, ತೆಂಕನಿಡಿಯೂರು, ಬಡಾನಿಡಿಯೂರು, ತೆಂಕ ಎರ್ಮಾಳು, ಬಡಾ ಎರ್ಮಾಳು, ಪಡುಬಿದ್ರಿ, ಮೂಡುಬಿದಿರೆ. ಯಕ್ಷಗಾನಕ್ಕೂ ತೆಂಕುತಿಟ್ಟು, ಬಡಗುತಿಟ್ಟು. ಹಿರಿಯರು ಮನೆಯೊಳಗೂ “ಆ ಮಣೆಯನ್ನು ಸ್ವಲ್ಪ ಬಡಗಕ್ಕೆ ಸರಿಸು” ಎನ್ನುವುದನ್ನು ಕೇಳಿ ಬೆಳೆದವರು ನಾವು. ಫೋನಿನಲ್ಲಿ ನಕ್ಷೆ ನೋಡಿ ಬರುವ ಹುಡುಗರಿಗೆ ಈಗ ಇದು ಅಷ್ಟು ಸುಲಭವಲ್ಲ. ಕಡಲು ಎಲ್ಲಿದೆ ಎಂದು ಕಣ್ಣು ಮುಚ್ಚಿ ಕೈ ತೋರಿಸುವ ಅಭ್ಯಾಸವೊಂದನ್ನು ಶಾಲೆಗಳಲ್ಲಿ ಮಾಡಿಸಿದರೆ ಎಷ್ಟು ಚೆನ್ನ ಎಂದು ನನಗೆ ಅನಿಸುತ್ತದೆ.

ಮನುಷ್ಯರ ಗುರುತಿಗೂ ನೆಲವೇ ಆಧಾರ. ಹೊಸಬರನ್ನು ಕಂಡರೆ ಹೆಸರು ಕೇಳಿದ ಮೇಲೆ ಬರುವ ಪ್ರಶ್ನೆ “ಮನೆ ಎಲ್ಲಿ ಆಯ್ತು?” ಉತ್ತರದಲ್ಲಿ ಊರು, ಮನೆತನ, ಗುತ್ತು ಅಥವಾ ಬೀಡಿನ ಹೆಸರು, ಇಲ್ಲವೇ ದೈವಸ್ಥಾನದ ಹತ್ತಿರ, ಇಗರ್ಜಿಯ ಹಿಂದೆ, ಕೆರೆಯ ಪಡುವಕ್ಕೆ ಎಂಬ ಒಂದು ಗುರುತು ಇರಲೇಬೇಕು. ಹೆಸರಿನ ಮುಂದೆ ಊರನ್ನು ಹೊತ್ತುಕೊಂಡು ಲೋಕ ಸುತ್ತಿದವರು ಎಷ್ಟು ಮಂದಿ! ಚಿತ್ರಕಾರ ಕೆ. ಕೆ. ಹೆಬ್ಬಾರರ ಮೊದಲ ‘ಕೆ’ ಕಟ್ಟಿಂಗೇರಿ. ಟಿ. ಎಂ. ಎ. ಪೈ ಅವರ ‘ಟಿ’ ತೋನ್ಸೆ. ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ಕಾಲಡಿಯಲ್ಲಿರುವುದು ಅದೇ ತೋನ್ಸೆಯ ಸೀಮೆ.

ಬಡಗುತಿಟ್ಟಿನಲ್ಲಿ ಹಾರಾಡಿ, ಮಟಪಾಡಿ ಎಂಬ ಎರಡು ಹಳ್ಳಿಗಳು ಕುಣಿತದ ಎರಡು ಶೈಲಿಗಳಿಗೇ ಹೆಸರಾದವು. ಎರಡೂ ಸ್ವರ್ಣೆಯಿಂದ ಬಡಗಕ್ಕೆ, ಬ್ರಹ್ಮಾವರದ ಆಸುಪಾಸಿನವು. ಹಾರಾಡಿ ರಾಮ ಗಾಣಿಗರ ವೇಷ ರಂಗಕ್ಕೆ ಬರುವುದನ್ನು ಕಂಡ ತಲೆಮಾರಿನವರು ಮೊದಲ ಹೆಜ್ಜೆಯಲ್ಲೇ ಇದು ಯಾವ ಊರಿನ ಕುಣಿತ ಎಂದು ಹೇಳಬಲ್ಲವರಾಗಿದ್ದರು. ಆಟದ ಪ್ರೇಕ್ಷಕನಿಗೆ ಪಾತ್ರದ ಪರಿಚಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೇದಗೆ ಮುಂದಲೆ ಕಟ್ಟಿ ಬಂದವನು ಎಳೆಯ ವೀರ, ಅಭಿಮನ್ಯುವೋ ಬಭ್ರುವಾಹನನೋ ಇರಬೇಕು. ಮುಖದ ತುಂಬ ಬಣ್ಣ ಬರೆದುಕೊಂಡು ತೆರೆಯ ಹಿಂದೆ ಆರ್ಭಟಿಸಿದರೆ ರಕ್ಕಸ. ಮಾತು ಶುರುವಾಗುವ ಮೊದಲೇ ಅರ್ಧ ಸ್ವಭಾವ ಕಣ್ಣಿಗೆ ಬಿದ್ದಿರುತ್ತದೆ. ರಾತ್ರಿಯಿಡೀ ದೊಂದಿಯ ಬೆಳಕಿನಲ್ಲಿ, ಗದ್ದೆಯ ಕೊನೆಯಲ್ಲಿ ಕೂತವನಿಗೂ ಕಾಣಬೇಕಾದ ಕಲೆಯಾದ್ದರಿಂದ ಗುರುತು ದೊಡ್ಡದಾಗಿಯೇ ಇರಬೇಕಿತ್ತು.

ಹೆಬ್ಬಾರರು ಹೋದದ್ದು ಇದರ ಎದುರು ದಿಕ್ಕಿಗೆ. 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆಸಿ, 1996ರಲ್ಲಿ ತೀರಿಕೊಂಡ ಅವರು ಯಕ್ಷಗಾನವನ್ನು ಬಾಲ್ಯದಲ್ಲಿ ಕಣ್ತುಂಬ ಕಂಡವರು. ವೇಷ ಎಷ್ಟು ತುಂಬಿಕೊಂಡಿರುತ್ತದೋ ಅವರ ರೇಖೆ ಅಷ್ಟು ಬಿಟ್ಟುಕೊಡುತ್ತದೆ. ನೃತ್ಯಗಾರ್ತಿಯ ಚಿತ್ರದಲ್ಲಿ ಮುಖವಿಲ್ಲ, ಆಭರಣವಿಲ್ಲ, ಬೆನ್ನಿನಿಂದ ಕಾಲಬೆರಳಿಗೆ ಇಳಿಯುವ ಒಂದು ಗೆರೆ ಇದೆ. ಆ ಗೆರೆಯಲ್ಲೇ ಅವಳು ಯಾವ ಕ್ಷಣದಲ್ಲಿ ಇದ್ದಾಳೆ, ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. ವ್ಯಕ್ತಿಚಿತ್ರ ಬರೆಯುವ ಪತ್ರಕರ್ತರು ಈ ರೇಖಾಚಿತ್ರಗಳ ಮುಂದೆ ಒಂದು ಮಧ್ಯಾಹ್ನ ಕಳೆಯಬೇಕು. ಹುಟ್ಟಿದ ತಾರೀಕು, ಪ್ರಶಸ್ತಿಗಳ ಸಾಲು, ಸರಳ ಸಜ್ಜನ ಎಂಬ ಎರಡು ಪದ ಬರೆದು ಮುಗಿಸುವ ನಮ್ಮ ರೂಢಿ ಎಷ್ಟು ಬಡವಾದದ್ದು ಎಂದು ಅಲ್ಲಿ ತಿಳಿಯುತ್ತದೆ.

ಬರಹದಲ್ಲಿ ಈ ಗುರುತಿನ ಅಗತ್ಯವನ್ನು ನೆನಪಿಸಿದವನು ಕಾರ್ಕಳ ತಾಲ್ಲೂಕಿನ ನಂದಳಿಕೆಯ ಲಕ್ಷ್ಮೀನಾರಣಪ್ಪ, ನಮಗೆಲ್ಲ ಮುದ್ದಣ. 1870ರಲ್ಲಿ ಹುಟ್ಟಿ ಉಡುಪಿಯಲ್ಲಿ ಶಾಲಾ ಮಾಸ್ತರಿಕೆ ಮಾಡಿದವನು. ಹಳಗನ್ನಡದ ಮಹಾಕಾವ್ಯಗಳಲ್ಲಿ ಅಷ್ಟಾದಶ ವರ್ಣನೆ ಕಡ್ಡಾಯ: ಪುರ, ಪರ್ವತ, ಸಮುದ್ರ, ಋತು, ಚಂದ್ರೋದಯ, ಸೂರ್ಯೋದಯ ಎಂದು ಹದಿನೆಂಟು. ಕೊನೆಕೊನೆಗೆ ಎಲ್ಲ ಪುರಗಳೂ ಒಂದೇ ಪುರ, ಎಲ್ಲ ಸಮುದ್ರಗಳೂ ಒಂದೇ ಸಮುದ್ರ ಆಗಿಬಿಟ್ಟಿದ್ದವು. ಮುದ್ದಣ ಆ ಸಂಪ್ರದಾಯವನ್ನು ಬಲ್ಲವನು, ಪ್ರೀತಿಸಿದವನು. ಆದರೂ ‘ಶ್ರೀ ರಾಮಾಶ್ವಮೇಧ’ದಲ್ಲಿ ಕತೆ ಹೇಳುವ ಗಂಡನ ಎದುರು ಮನೋರಮೆಯನ್ನು ಕೂರಿಸಿದ. ಆಕೆ ಪದ್ಯ ಬೇಡ ಎನ್ನುತ್ತಾಳೆ, ಸಂಸ್ಕೃತದ ಭಾರ ಬೇಡ ಎನ್ನುತ್ತಾಳೆ, ತಿಳಿಯದ್ದನ್ನು ತಡೆದು ಕೇಳುತ್ತಾಳೆ. ಕೇಳುವವಳಿಗೆ ಕಾಣಿಸಬೇಕು ಎಂಬ ಒತ್ತಡ ಹೀಗೆ ಕನ್ನಡ ಗದ್ಯದೊಳಗೆ ಬಂದು ಕೂತಿತು. ಗುಳ್ಳದ ತೊಟ್ಟು ತಿರುಗಿಸಿ ನೋಡುವ ಹೆಂಗಸಿನ ಕುಲದವಳೇ ಈ ಮನೋರಮೆ ಎಂದು ನಾನು ಬಹಳ ಸಲ ಅಂದುಕೊಂಡಿದ್ದೇನೆ. ಮೂವತ್ತೊಂದನೆಯ ವಯಸ್ಸಿಗೆ, 1901ರಲ್ಲಿ, ಮುದ್ದಣ ತೀರಿಕೊಂಡ.

ಅದೇ 1901ರಲ್ಲಿ ಕಾಪುವಿನ ಕಡಲಂಚಿನ ಬಂಡೆಯ ಮೇಲೆ ದೀಪಸ್ತಂಭ ಎದ್ದಿತು. ಸೂರ್ಯಾಸ್ತ ನೋಡಲು, ಫೋಟೊ ತೆಗೆಸಿಕೊಳ್ಳಲು ಜನ ಅಲ್ಲಿಗೆ ಹೋಗುತ್ತಾರೆ. ಅದರ ನಿಜವಾದ ಓದುಗರು ದಡದಲ್ಲಿಲ್ಲ, ಕಡಲಿನಲ್ಲಿದ್ದಾರೆ. ದೀಪಸ್ತಂಭಗಳಿಗೆ ಬೇರೆ ಬೇರೆ ಬಣ್ಣದ ಪಟ್ಟೆ ಬಳಿಯುವುದು ಅಂದಕ್ಕಲ್ಲ. ಹಗಲಿನಲ್ಲಿ ನಾವಿಕ ಇದು ಈ ಊರಿನದ್ದೇ, ಪಕ್ಕದ್ದಲ್ಲ ಎಂದು ತಿಳಿಯಲಿಕ್ಕೆ. ರಾತ್ರಿಯಲ್ಲಿ ಬಣ್ಣ ಕಾಣದು, ಹಾಗಾಗಿ ದೀಪ ಎಷ್ಟು ಸೆಕೆಂಡಿಗೆ ಎಷ್ಟು ಸಲ ಮಿನುಗುತ್ತದೆ ಎಂಬುದೇ ಗುರುತು. ಒಂದೇ ಕರಾವಳಿಯಲ್ಲಿ ಅಕ್ಕಪಕ್ಕದ ಎರಡು ದೀಪಗಳಿಗೆ ಒಂದೇ ಲಯ ಕೊಡುವುದಿಲ್ಲ. ಲೋಕದ ದೀಪಗಳ ಪಟ್ಟಿಯನ್ನು ಇಟ್ಟುಕೊಂಡ ಪುಸ್ತಕಗಳಿವೆ. ಅವುಗಳಲ್ಲಿ ಜಾಗ, ಎತ್ತರ, ಬಣ್ಣ, ಮಿನುಗುವ ಲಯ, ಎಷ್ಟು ದೂರಕ್ಕೆ ಕಾಣುತ್ತದೆ ಎಂಬುದು ಬಿಟ್ಟರೆ ಒಂದು ವಿಶೇಷಣವೂ ಇಲ್ಲ. ಆ ಒಣ ಸಾಲನ್ನು ನಂಬಿ ಹಡಗಿನವರು ಪ್ರಾಣ ಉಳಿಸಿಕೊಳ್ಳುತ್ತಾರೆ.

ಕಾರ್ಕಳಕ್ಕೆ ಹೋದರೆ ಇದೇ ಪ್ರಶ್ನೆ ಕಲ್ಲಿನಲ್ಲಿ ನಿಂತಿದೆ. ಶ್ರವಣಬೆಳಗೊಳ, ಕಾರ್ಕಳ, ವೇಣೂರು, ಧರ್ಮಸ್ಥಳ, ನಾಲ್ಕೂ ಕಡೆ ಅದೇ ಬಾಹುಬಲಿ, ಅದೇ ನಿಲುವು, ಅದೇ ಬಳ್ಳಿ. ಫೋಟೊ ನೋಡಿ ಇದು ಯಾವ ಊರಿನದು ಎಂದು ಹೇಳಲಾಗದೆ ಒದ್ದಾಡುವವರು ಬಹಳ. ಬೆಳಗೊಳದ ಮೂರ್ತಿ ಇದ್ದ ಬೆಟ್ಟದ ಬಂಡೆಯಲ್ಲೇ ಕಡೆದದ್ದು, 58 ಅಡಿ, 10ನೇ ಶತಮಾನದ ಕೊನೆಯದು. ಕಾರ್ಕಳದ್ದು 42 ಅಡಿ. 1432ರಲ್ಲಿ ವೀರಪಾಂಡ್ಯ ಭೈರರಸ ಬೇರೆ ಕಡೆ ಕಡೆಸಿ, ಬೆಟ್ಟಕ್ಕೆ ಸಾಗಿಸಿ ನಿಲ್ಲಿಸಿದ್ದು. ಅಷ್ಟು ದೊಡ್ಡ ಕಲ್ಲನ್ನು ಬೋಳು ಬಂಡೆಯ ಮೇಲಕ್ಕೆ ಎಳೆದು ತಂದ ಮಂದಿಯ ಬೆನ್ನು ಎಂಥದ್ದು ಎಂದು ನೆನೆಯದೆ ಅಲ್ಲಿ ನಿಲ್ಲಲು ನನಗೆ ಆಗುವುದಿಲ್ಲ. ವೇಣೂರಿನದು 1604ರದು, 35 ಅಡಿ. ಧರ್ಮಸ್ಥಳದ 39 ಅಡಿಯದು ನಮ್ಮ ಕಾಲದ್ದು. ಅದನ್ನು ಕಾರ್ಕಳದಲ್ಲೇ ಕಡೆದವರು ರೆಂಜಾಳ ಗೋಪಾಲ ಶೆಣೈ. ಅಂದರೆ ಅದೂ ಕಾರ್ಕಳದಿಂದ ಘಟ್ಟದ ಬುಡದ ದಾರಿಯಲ್ಲಿ ಸಾಗಿಹೋದ ಕಲ್ಲೇ. ಐದು ಶತಮಾನ ಕಳೆದರೂ ಅದೇ ಊರಿನ ಕೈಗಳು ಅದೇ ಕಷ್ಟವನ್ನು ಮತ್ತೆ ಹೊತ್ತವು. ‘ಭವ್ಯ ಏಕಶಿಲಾ ವಿಗ್ರಹ’ ಎಂಬ ಫಲಕದಲ್ಲಿ ಇದಾವುದೂ ಇಲ್ಲ.

ಮಣಿಪಾಲ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವ ಜಾಗ. ಹೊರಗಿನವರಿಗೆ ಅದು ಕಾಲೇಜು, ಆಸ್ಪತ್ರೆ, ಹೊರರಾಜ್ಯದ ಹುಡುಗ ಹುಡುಗಿಯರು. ಉಡುಪಿಯ ಹಿರಿಯರಿಗೆ ಅದು ಮುರಕಲ್ಲಿನ ಬೋಳುಗುಡ್ಡ. ಈ ಎರಡು ವರ್ಣನೆಗಳ ನಡುವೆ ಕಲ್ಯಾಣಪುರದಲ್ಲಿ 1898ರಲ್ಲಿ ಹುಟ್ಟಿದ ತೋನ್ಸೆ ಮಾಧವ ಅನಂತ ಪೈ ಇದ್ದಾರೆ. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಬ್ಯಾಂಕು ಕಟ್ಟಿದರು. 1928ರಲ್ಲಿ ದಿನಕ್ಕೆ ಎರಡಾಣೆ ಉಳಿಸುವ ಪಿಗ್ಮಿ ಠೇವಣಿ ತಂದರು. 1953ರಲ್ಲಿ ಅದೇ ಗುಡ್ಡದಲ್ಲಿ ವೈದ್ಯಕೀಯ ಕಾಲೇಜು ತೆರೆದರು. ಪಿಗ್ಮಿ ಸಂಗ್ರಹಕ್ಕೆ ದಿನಾ ಬಾಗಿಲಿಗೆ ಬರುತ್ತಿದ್ದವರು ಮನೆ ನಂಬರಿಲ್ಲದ ಕಾಲದಲ್ಲಿ ಪ್ರತಿ ಮನೆಯನ್ನೂ ಅದರ ಗುರುತಿನಿಂದಲೇ ಬಲ್ಲವರು; ಅವರ ನೆನಪಿನಲ್ಲಿದ್ದ ಊರಿನ ನಕ್ಷೆಯನ್ನು ಯಾರೂ ಬರೆಸಿಕೊಳ್ಳಲಿಲ್ಲ. ಆ ಬ್ಯಾಂಕಿನ ಸಿಂಡಿಕೇಟ್ ಎಂಬ ಹೆಸರೂ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ಮಣಿಪಾಲದಲ್ಲಿ ವಿಜಯನಾಥ ಶೆಣೈ ಮಾಡಿದ ಕೆಲಸ ನೋಡಿ. ಕೆಡವಲು ಹೊರಟ ಹಳೆಯ ಮನೆಗಳನ್ನು ಊರೂರಿನಿಂದ ಭಾಗಭಾಗವಾಗಿ ಬಿಚ್ಚಿ ತಂದು, ಕಂಬ, ತೊಲೆ, ಬಾಗಿಲು ಇದ್ದಂತೆಯೇ ಜೋಡಿಸಿ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಕಟ್ಟಿದರು. ಒಂದು ಮನೆಯ ಬಗ್ಗೆ ಅಷ್ಟು ವಿವರವಾಗಿ ತಿಳಿದಿದ್ದರೆ ಮಾತ್ರ ಅದನ್ನು ಬಿಚ್ಚಿ ಮತ್ತೆ ನಿಲ್ಲಿಸಬಹುದು.

ಇನ್ನು ಸಂತೆಕಟ್ಟೆ. ರಾಷ್ಟ್ರೀಯ ಹೆದ್ದಾರಿ 66 ನಾಲ್ಕು ಪಥವಾದ ಮೇಲೆ ಇಲ್ಲಿನ ಜಂಕ್ಷನ್ನಿನಲ್ಲಿ ನೆಲ ಅಗೆದು ಅಂಡರ್‌ಪಾಸ್ ಕಟ್ಟುವ ಕೆಲಸ ವರ್ಷಗಟ್ಟಲೆ ನಡೆಯಿತು. ಮಳೆಗೆ ಮಣ್ಣು ಕುಸಿಯಿತು, ಸರ್ವಿಸ್ ರಸ್ತೆಯಲ್ಲಿ ಬಸ್ಸು, ಆ್ಯಂಬುಲೆನ್ಸ್, ಮೀನಿನ ಗಾಡಿ ಎಲ್ಲ ಒಟ್ಟಿಗೆ ಸಿಕ್ಕಿಬಿದ್ದವು. ಅಂಗಡಿಯವರು ಧೂಳಿನಲ್ಲಿ ಕೂತು ಗಿರಾಕಿಗೆ ಕಾದರು. ಕುಂದಾಪುರದಿಂದ ಮಂಗಳೂರಿಗೆ ಹೋಗುವ ಕಾರಿನವರಿಗೆ ಸಂತೆಕಟ್ಟೆ ಎಂದರೆ ಆ ಟ್ರಾಫಿಕ್ಕೇ ಆಯಿತು. ಒಂದು ಊರಿಗೆ ಇಷ್ಟು ಅನ್ಯಾಯದ ಗುರುತು ಅಂಟಿಕೊಳ್ಳಬಾರದು. ದಾರಿಹೋಕರು ನಿಲ್ಲದೆ ದಾಟಿಹೋಗುವ ಕಾಲ ಬಂದರೆ ಆ ಗುರುತೂ ಅಳಿದು, ಇದೊಂದು ಹಸಿರು ಫಲಕದ ಮೇಲಿನ ಹೆಸರು ಮಾತ್ರ ಆಗುತ್ತದೆ. ಅದಕ್ಕೆ ಮೊದಲು ಒಂದು ಸರಿಯಾದ ವರ್ಣನೆ ಬರೆದಿಡಬೇಕು ಎಂಬುದು ನನ್ನ ಆಸೆ. ಇಲ್ಲಿಯವರನ್ನೇ ಕೇಳಿ ಬರೆದುಕೊಂಡರೆ ಅದು ಹೀಗಿರುತ್ತದೆ.

ಉಡುಪಿ ಪೇಟೆಯಿಂದ ಬಡಗಕ್ಕೆ ಬರುವಾಗ ನಿಟ್ಟೂರು ಕಳೆದು, ಅಂಬಾಗಿಲು ಕಳೆದು, ಸ್ವರ್ಣಾ ಹೊಳೆಯ ಸೇತುವೆ ಸಿಗುವ ಮೊದಲು. ಸೇತುವೆ ದಾಟಿದಿರಿ ಅಂದರೆ ಮುಂದೆ ಬಂದಿರಿ, ಅದು ಉಪ್ಪೂರು. ಮೌಂಟ್ ರೋಸರಿ ಇಗರ್ಜಿ ಇದೇ ಊರಿನದು. ಮಿಲಾಗ್ರಿಸ್ ಇಲ್ಲಿಯದಲ್ಲ, ಅದು ಪಡುವಕ್ಕೆ, ಕಲ್ಯಾಣಪುರದಲ್ಲಿ. ತುಳು, ಕೊಂಕಣಿ, ಕನ್ನಡ, ಬ್ಯಾರಿ ನಾಲ್ಕೂ ಮಾತು ಒಂದೇ ಅಂಗಡಿಯ ಮುಂದೆ ಕೇಳಿಸುತ್ತದೆ. ಸಂತೆಯ ದಿನ ಬೆಳಿಗ್ಗೆ ಬೇಗ ಬಂದರೆ ಊರಿನ ತರಕಾರಿ, ತಡವಾಗಿ ಬಂದರೆ ಘಟ್ಟದ್ದು. ಕೆಮ್ಮಣ್ಣಿನ ತೂಗುಸೇತುವೆಗೆ, ಹೂಡೆಗೆ, ಸ್ವರ್ಣೆಯೂ ಸೀತೆಯೂ ಕೂಡಿ ಕಡಲಿಗೆ ಬೀಳುವ ಕೋಡಿಬೆಂಗ್ರೆಗೆ ಹೋಗುವವರು ಇಲ್ಲೇ ಇಳಿದು ಪಡುವಕ್ಕೆ ತಿರುಗಬೇಕು. ಮಣಿಪಾಲಕ್ಕೆ ಹೋಗುವವರು ತೆಂಕಕ್ಕೆ ಅಂಬಾಗಿಲಿನ ತನಕ ವಾಪಸ್ ಹೋಗಿ, ಪೆರಂಪಳ್ಳಿಯ ದಾರಿಯಲ್ಲಿ ಮೂಡಕ್ಕೆ.